ಆ ಎರಡು ವರ್ಷ ಮನಸ್ಸನ್ನು ಹೇಗೆ ಹಿಡಿದುಕೊಂಡಿರಿ? ಮುಂಬಯಿ ಕನ್ನಡಿಗರು ಹೇಳಿ

ಡೊಂಬಿವಲಿ ಪೂರ್ವ

ಕೊರೋನಾ ಎಂದರೆ ಈಗ ಎಲ್ಲರೂ ಹಾಸಿಗೆ ಸಿಗದ ಕಥೆ, ಆಮ್ಲಜನಕದ ಕಥೆ, ಲಸಿಕೆಗೆ ನಿಂತ ಸಾಲಿನ ಕಥೆ ಹೇಳುತ್ತಾರೆ. ಮನಸ್ಸಿನೊಳಗೆ ಏನು ನಡೆಯಿತು ಎಂಬುದರ ಬಗ್ಗೆ ಯಾರೂ ಬಾಯಿ ಬಿಡುವುದಿಲ್ಲ. ನಮ್ಮ ಕಟ್ಟಡದ ಹಿರಿಯರೊಬ್ಬರು ಇಂದಿಗೂ ಲಿಫ್ಟಿನಲ್ಲಿ ಇನ್ನೊಬ್ಬರಿದ್ದರೆ ಹತ್ತುವುದಿಲ್ಲ. ಮೊಣಕಾಲು ನೋವಿಟ್ಟುಕೊಂಡೇ ನಾಲ್ಕು ಮಹಡಿ ಮೆಟ್ಟಿಲೇರುತ್ತಾರೆ. ಎದುರು ಮನೆಯ ಹುಡುಗಿ ಪಕ್ಕದಲ್ಲಿ ಯಾರಾದರೂ ಕೆಮ್ಮಿದರೆ ಉಸಿರು ಬಿಗಿಹಿಡಿಯುತ್ತಾಳೆ. ಅದಕ್ಕೇ ಈ ಚರ್ಚೆ. ನಿಮ್ಮನ್ನು ಯಾವುದು ನಿಲ್ಲಿಸಿತು, ಯಾವುದು ಕೆಡವಿತು, ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ. ಪ್ರಾಣಾಯಾಮದ ವಿಡಿಯೋ ಮಾತ್ರ ದಯವಿಟ್ಟು ಹಾಕಬೇಡಿ, ಮೊಬೈಲಿನಲ್ಲಿ ಜಾಗವಿಲ್ಲ.

ಮೊದಲು ನನ್ನದು. ನಾನು ಫೋರ್ಟಿನ ಒಂದು ಕಚೇರಿಯಲ್ಲಿ ಲೆಕ್ಕ ಬರೆಯುವವಳು. ಮನೆ ಎಂದರೆ ಒಂದು ಕೋಣೆ, ಒಂದು ಅಡುಗೆಮನೆ. ಗಂಡ, ಅತ್ತೆ, ಇಬ್ಬರು ಮಕ್ಕಳು. ಆ ದಿನಗಳಲ್ಲಿ ಪತ್ರಿಕೆಗಳಲ್ಲಿ ಒಂಟಿತನ ಎದುರಿಸುವುದು ಹೇಗೆ ಎಂಬ ಲೇಖನಗಳು ಬರುತ್ತಿದ್ದವು. ನನಗೋ ಒಂಟಿತನವೇ ಬೇಕಾಗಿತ್ತು! ಗ್ಯಾಸ್ ಕಟ್ಟೆಯ ಒಂದು ತುದಿಯಲ್ಲಿ ಲ್ಯಾಪ್‌ಟಾಪ್, ಇನ್ನೊಂದು ತುದಿಯಲ್ಲಿ ಕುಕ್ಕರ್. ಅಳಬೇಕೆಂದರೆ ಬಚ್ಚಲುಮನೆಗೆ ಹೋಗಿ ನಲ್ಲಿ ತಿರುಗಿಸಬೇಕು. ಎರಡು ನಿಮಿಷ ಕಳೆದರೆ ಹೊರಗಿನಿಂದ ಅತ್ತೆ, "ನೀರು ಹೋಗಿಬಿಡುತ್ತದೆ, ಸಾಕು ಮಾಡು" ಎನ್ನುತ್ತಿದ್ದರು. ಪಾಪ, ಅವರ ಚಿಂತೆ ಅವರಿಗೆ.

ನಮಗೆ ಏಕಾಂತ ಸಿಗುತ್ತಿದ್ದದ್ದು ಲೋಕಲ್ ರೈಲಿನಲ್ಲಿ. ಹೊರಗಿನವರಿಗೆ ಇದು ತಮಾಷೆ ಎನಿಸಬಹುದು. ಬೆಳಿಗ್ಗೆ ಫಾಸ್ಟ್ ಗಾಡಿಯ ಮಹಿಳಾ ಡಬ್ಬಿಯಲ್ಲಿ ಕಂಬಿಗೆ ಒರಗಿ ನಿಂತ ಒಂದು ಗಂಟೆ ನಾನು ಯಾರ ತಾಯಿಯೂ ಅಲ್ಲ, ಯಾರ ಸೊಸೆಯೂ ಅಲ್ಲ. ಸೊಪ್ಪು ಬಿಡಿಸುತ್ತ ಮನೆಯವರನ್ನೆಲ್ಲ ಬೈಯುವ ಗೆಳತಿಯರು ಅಲ್ಲೇ ಇದ್ದರು. 2020ರ ಮಾರ್ಚ್ 22ರ ರಾತ್ರಿ ಗಾಡಿ ನಿಂತಿತು. ಜೂನ್ 15ಕ್ಕೆ ಅಗತ್ಯ ಸೇವೆಯವರಿಗೆ ಮಾತ್ರ ಶುರುವಾಯಿತು. ಅಕ್ಟೋಬರ್ 21ರಿಂದ ಹೆಂಗಸರಿಗೆ ನಡುಹಗಲಿನಲ್ಲಿ ಮತ್ತು ಸಂಜೆ ಏಳರ ನಂತರ ಅವಕಾಶ ಕೊಟ್ಟರು. ಕಚೇರಿಗೆ ಹೋಗುವವರು ಅದನ್ನು ಇಟ್ಟುಕೊಂಡು ಏನು ಮಾಡಬೇಕೋ! 2021ರ ಫೆಬ್ರವರಿ 1ಕ್ಕೆ ಎಲ್ಲರಿಗೂ ವೇಳೆ ಗೊತ್ತುಮಾಡಿ ಬಿಟ್ಟರು, ಏಪ್ರಿಲ್‌ನಲ್ಲಿ ಮತ್ತೆ ಬಾಗಿಲು ಹಾಕಿದರು. ಎರಡೂ ಡೋಸ್ ಮುಗಿಸಿ ಹದಿನಾಲ್ಕು ದಿನ ಕಳೆದವರಿಗೆ ಆಗಸ್ಟ್ 15ರಿಂದ ಪಾಸ್ ಸಿಕ್ಕಿತು. ಆ ಗೆಳತಿಯರ ಗುಂಪಿನಲ್ಲಿ ಇಬ್ಬರ ಕೆಲಸ ಹೋಗಿತ್ತು. ಒಬ್ಬಳು ಗಂಡನನ್ನು ಕಳೆದುಕೊಂಡು ಸಾತಾರಕ್ಕೆ ಹೊರಟುಹೋಗಿದ್ದಳು. ಈಗ ಗಾಡಿಯಿದೆ, ಗುಂಪಿಲ್ಲ.

ಮಾಟುಂಗಾ ಗಲ್ಲೆ

ಅಕ್ಕಾ, ಚೆನ್ನಾಗಿ ಬರೆದಿದ್ದೀರಿ. ನಾನು ಕುಂದಾಪುರದ ಕಡೆಯವನು, ಮಾಟುಂಗಾದ ಒಂದು ಹೋಟೆಲಿನಲ್ಲಿ ಗಲ್ಲೆಯ ಮೇಲೆ ಕೂರುತ್ತೇನೆ. ಹೋಟೆಲ್ ಹುಡುಗರ ಮನಸ್ಸಿನ ಬಗ್ಗೆ ಯಾರೂ ಬರೆಯುವುದಿಲ್ಲ, ನಾನು ಬರೆಯುತ್ತೇನೆ.

ಮಾರ್ಚ್ 24ರ ರಾತ್ರಿ ಎಂಟಕ್ಕೆ ಲಾಕ್‌ಡೌನ್ ಘೋಷಣೆಯಾದಾಗ ಅರ್ಧದಷ್ಟು ಹುಡುಗರು ಊರಿಗೆ ಹೋಗಲಾರದೆ ಹೋಟೆಲಿನ ಅಟ್ಟದ ಮೇಲೆಯೇ ಉಳಿದರು. ಬೆಳಗಿನ ಜಾವ ಇಡ್ಲಿ ಹಂಡೆ ಏರಿಸಿ, ರಾತ್ರಿ ಹನ್ನೊಂದಕ್ಕೆ ನೆಲ ತೊಳೆದು ಮಲಗುವವನಿಗೆ ಬಿಡುವು ಎಂದರೆ ಏನೆಂದು ಗೊತ್ತಿರುವುದಿಲ್ಲ. ಮೊದಲು ಇಸ್ಪೀಟು ಆಡಿದರು, ನಿದ್ದೆ ಮಾಡಿದರು. ಆಮೇಲೆ ಜಗಳ ಶುರುವಾಯಿತು, ಫ್ಯಾನಿನ ಕೆಳಗೆ ಯಾರು ಮಲಗಬೇಕೆಂಬ ವಿಷಯಕ್ಕೆಲ್ಲ. ಆಮೇಲೆ ಜಗಳವೂ ನಿಂತಿತು. ಅದು ನನ್ನನ್ನು ಹೆದರಿಸಿತು. ಕ್ಲೀನರ್ ಹುಡುಗನೊಬ್ಬ ದಿನಾ ಬೆಳಿಗ್ಗೆ ಮುಚ್ಚಿದ ಹೋಟೆಲಿನೊಳಗೆ ಇಳಿದು, ಯಾರೂ ಮುಟ್ಟದ ಸ್ಟೀಲ್ ಲೋಟಗಳನ್ನೆಲ್ಲ ಕೆಳಗಿಳಿಸಿ, ತೊಳೆದು, ಒರೆಸಿ, ಮತ್ತೆ ಗೋಪುರ ಕಟ್ಟಿ ಇಡುತ್ತಿದ್ದ. ಯಾಕೋ ಎಂದು ಕೇಳಿದರೆ, "ಕೈ ಸುಮ್ಮನಿದ್ದರೆ ತಲೆ ಓಡುತ್ತದೆ" ಎಂದ. ಹತ್ತೊಂಬತ್ತು ವರ್ಷದ ಹುಡುಗ, ಮಾರಾಯರೇ!

ಮಾಲೀಕರು ಒಂದು ದಿನ ಎರಡು ಚೀಲ ಅಕ್ಕಿ, ಒಂದು ಚೀಲ ಹೆಸರುಬೇಳೆ ಇಳಿಸಿ, ಸಾಯನ್ ಕಡೆಯ ಕೂಲಿಕಾರರಿಗೆ ಖಿಚಡಿ ಮಾಡಿ ಕಳಿಸೋಣ ಎಂದರು. ಮಾರನೆಯ ದಿನ ಬೆಳಿಗ್ಗೆ ಒಬ್ಬನನ್ನೂ ಎಬ್ಬಿಸಬೇಕಾಗಲಿಲ್ಲ. ದಾನ ಮಾಡಿದೆವೆಂದು ಹೇಳಿಕೊಳ್ಳಲು ಇದನ್ನು ಬರೆಯುತ್ತಿಲ್ಲ. ತಿಂದವರಿಗಿಂತ ಬೇಯಿಸಿದವರಿಗೆ ಆ ಖಿಚಡಿಯ ಉಪಯೋಗ ಹೆಚ್ಚಾಯಿತು ಎನ್ನುವುದಕ್ಕೆ ಬರೆಯುತ್ತಿದ್ದೇನೆ. ಅಕ್ಟೋಬರ್ 5ಕ್ಕೆ ಅರ್ಧ ಕುರ್ಚಿಗಳೊಂದಿಗೆ ಹೋಟೆಲ್ ತೆರೆಯುವವರೆಗೆ ಪಾರ್ಸಲ್ ಮತ್ತು ಖಿಚಡಿಯೇ ನಮ್ಮನ್ನು ಉಳಿಸಿದ್ದು. ಊರಿಗೆ ಹಣ ಕಳಿಸಲಾಗದ ಸಂಕಟ ಮಾತ್ರ ಯಾವ ಖಿಚಡಿಗೂ ಹೋಗಲಿಲ್ಲ. ಫೋನು ಬಂದರೆ ಹುಡುಗರು ತೆಗೆಯುತ್ತಲೇ ಇರಲಿಲ್ಲ.

ಕೃಷ್ಣರಾಜಪೇಟೆ ಕಡೆಯವನು

ನೀವು ಉಳಿದವರ ಕಥೆ ಹೇಳಿದಿರಿ. ನಾನು ಹೋದವನ ಕಥೆ ಹೇಳುತ್ತೇನೆ.

ಸಾಂತಾಕ್ರೂಜ್‌ನ ಚಾಳಿನ ಬಾಡಿಗೆ ಕಟ್ಟಲಾಗದೆ ಮೇ ತಿಂಗಳಿನಲ್ಲಿ ಸೇವಾ ಸಿಂಧುವಿನಲ್ಲಿ ಪಾಸ್ ಮಾಡಿಸಿಕೊಂಡು, ನಾಲ್ಕು ಮನೆಯವರು ಸೇರಿ ಒಂದು ಟೆಂಪೋ ಮಾಡಿಕೊಂಡು ಹೊರಟೆವು. ಕೊಗನೋಳಿ ಚೆಕ್‌ಪೋಸ್ಟಿನಲ್ಲಿ ಬಿಸಿಲಿಗೆ ಡಾಂಬರು ಮೆತ್ತಗಾಗಿತ್ತು. ಮಕ್ಕಳಿಗೆ ನೀರಿಲ್ಲ, ಹೆಂಗಸರಿಗೆ ಮರೆಯಿಲ್ಲ. ಹೇಗೋ ದಾಟಿದೆವು. ನಮ್ಮ ಹಿಂದೆ ಬಂದವರಿಗೆ ಆ ಭಾಗ್ಯವೂ ಇರಲಿಲ್ಲ. ಮೇ 18ಕ್ಕೆ ಕರ್ನಾಟಕ ಸರ್ಕಾರ ಮಹಾರಾಷ್ಟ್ರದವರನ್ನು ತಿಂಗಳ ಕೊನೆಯವರೆಗೆ ಬಿಡುವುದಿಲ್ಲ ಎಂದುಬಿಟ್ಟಿತು.

ಕ್ವಾರಂಟೈನ್ ಹಾಸ್ಟೆಲಿನ ಊಟ, ಸೊಳ್ಳೆ ಎಲ್ಲ ಸಹಿಸಿದೆ. ಸಹಿಸಲಾಗದ್ದು ದಿನಾ ಸಂಜೆಯ ಟಿವಿ. ಇಂದು ಮಂಡ್ಯದಲ್ಲಿ ಇಷ್ಟು, ಎಲ್ಲರೂ ಮುಂಬೈಯಿಂದ ಬಂದವರು. ಹಬ್ಬಕ್ಕೆ ಬಂದಾಗ ಮನೆ ಮುಂದೆ ಕಾದು ನಿಂತು ಚಾಕಲೇಟು, ಸೆಂಟು ಇಸಿದುಕೊಳ್ಳುತ್ತಿದ್ದವರೇ ಹೊಲದ ದಾರಿಯಲ್ಲಿ ನಮ್ಮನ್ನು ಕಂಡರೆ ಬೇಲಿ ಹಾರಿ ಆಚೆ ಹೋಗುತ್ತಿದ್ದರು. ಪರೀಕ್ಷೆಯಲ್ಲಿ ಏನೂ ಇಲ್ಲವೆಂದು ಬಂದ ಮೇಲೂ ಅಂಗಡಿಯವನು ಹಣವನ್ನು ನೆಲದ ಮೇಲೆ ಇಡಲು ಹೇಳಿದ. ಸ್ವಂತ ಚಿಕ್ಕಪ್ಪ ನಮ್ಮ ಪಾಲಿನ ಬಾವಿಯ ಹಗ್ಗ ಬಿಚ್ಚಿಟ್ಟಿದ್ದರು.

ಮುಂಬೈಯಲ್ಲಿ ನಾನು ಹೊರಗಿನವನೆಂದು ಹದಿನೈದು ವರ್ಷದಿಂದ ಗೊತ್ತಿತ್ತು, ಅದಕ್ಕೆ ಬೇಸರವಿರಲಿಲ್ಲ. ಊರಿನಲ್ಲೂ ಹೊರಗಿನವನಾದದ್ದು ಇಂದಿಗೂ ಒಳಗೆ ಕುಟುಕುತ್ತದೆ. ವಾಪಸು ಮುಂಬೈಗೇ ಬಂದೆ. ಊರ ಹಬ್ಬಕ್ಕೆ ಈಗಲೂ ಹೋಗುವುದಿಲ್ಲ.

ಮುಲುಂಡ್ ಹಿರಿಯ

ಎಲ್ಲರ ಕಷ್ಟ ಓದಿದೆ. ಒಂದು ಮಾತು ಹೇಳಿದರೆ ಸಿಟ್ಟಾಗಬೇಡಿ. ನಮ್ಮ ಅಜ್ಜನ ಕಾಲದಲ್ಲಿ ಇದೇ ಊರಿಗೆ ಪ್ಲೇಗ್ ಬಂದಿತ್ತು. ಆಗ ಆಪ್ತಸಮಾಲೋಚನೆ ಇತ್ತೇ? ಖಿನ್ನತೆ ಎಂಬ ಮಾತು ಯಾರಿಗಾದರೂ ಗೊತ್ತಿತ್ತೇ? ಮನಸ್ಸು ಗಟ್ಟಿ ಮಾಡಿಕೊಂಡು ಬದುಕಿದರು. ನಾನು ಆ ಎರಡು ವರ್ಷವೂ ಬೆಳಿಗ್ಗೆ ಐದಕ್ಕೆ ಎದ್ದು, ತಾರಸಿಯ ಮೇಲೆ ನಡೆದು, ಸಂಧ್ಯಾವಂದನೆ ಮಾಡಿ, ರೇಡಿಯೋ ಕೇಳಿ ಆರಾಮವಾಗಿದ್ದೆ. ಈಗಿನವರಿಗೆ ಎಲ್ಲವೂ ಕಾಯಿಲೆ.

ಡೊಂಬಿವಲಿ ಪೂರ್ವ

ರಾಯರೇ, ನಿಮ್ಮ ಕಟ್ಟಡಕ್ಕೆ ತಾರಸಿ ಇತ್ತು, ಮತ್ತು ಅದರ ಬೀಗದ ಕೈ ನಿಮ್ಮ ಬಳಿ ಇತ್ತು.

ಥಾಣೆಯ ಇತಿಹಾಸ ಮೇಷ್ಟ್ರು

ಪ್ಲೇಗಿನ ಮಾತು ಬಂದದ್ದರಿಂದ ಸುಮ್ಮನಿರಲಾಗಲಿಲ್ಲ. ಮುಲುಂಡ್ ಹಿರಿಯರೇ, ಆ ಕಾಲದವರು ಗಟ್ಟಿ ಮನಸ್ಸಿನಿಂದ ಕೂತಿದ್ದರು ಎಂಬುದು ನಮ್ಮ ಊಹೆ. 1896ರಲ್ಲಿ ಮಾಂಡ್ವಿ ಬಂದರಿನ ಬಳಿ ಪ್ಲೇಗ್ ಕಾಣಿಸಿಕೊಂಡ ಮೇಲೆ ಲಕ್ಷಗಟ್ಟಲೆ ಜನ ಬೊಂಬಾಯಿ ಬಿಟ್ಟು ಓಡಿದರು. ಹೆದರಿ ಓಡಿದವರ ಮೊಮ್ಮಕ್ಕಳೇ ನಾವು. ಮನೆಮನೆ ಹೊಕ್ಕು ರೋಗಿಗಳನ್ನು ಹುಡುಕುವ ನೆಪದಲ್ಲಿ ಪುಣೆಯಲ್ಲಿ ಸೈನಿಕರು ದೇವರ ಮನೆ, ಹೆಂಗಸರ ಕೋಣೆ ಏನನ್ನೂ ಬಿಡಲಿಲ್ಲ. ಆ ಅವಮಾನ ಎಷ್ಟು ಆಳಕ್ಕೆ ಇಳಿದಿತ್ತೆಂದರೆ, 1897ರ ಜೂನ್ 22ರ ರಾತ್ರಿ ಚಾಫೇಕರ್ ಸಹೋದರರು ಪ್ಲೇಗ್ ಅಧಿಕಾರಿ ರ‍್ಯಾಂಡ್‌ನ ಮೇಲೆ ಗುಂಡು ಹಾರಿಸಿದರು. ಅದನ್ನು ನಾವು ಸ್ವಾತಂತ್ರ್ಯದ ಪಾಠದಲ್ಲಿ ಓದುತ್ತೇವೆ, ಸಾಂಕ್ರಾಮಿಕ ರೋಗವೊಂದು ಜನರ ಮನಸ್ಸನ್ನು ಏನು ಮಾಡಿತು ಎಂಬ ಪಾಠದಲ್ಲಿ ಓದುವುದಿಲ್ಲ. ಅಂದ ಹಾಗೆ, ಆ ವರ್ಷ ತಂದ ಸಾಂಕ್ರಾಮಿಕ ರೋಗಗಳ ಕಾಯಿದೆಯನ್ನೇ 2020ರಲ್ಲೂ ಬಳಸಿದರು.

ಇನ್ನೊಂದು ವಿಷಯ. ನಮ್ಮ ಹಳ್ಳಿಗಳಲ್ಲಿ ಪ್ಲೇಗ್ ಬಂದಾಗ ಇಡೀ ಊರು ಹೊಲಕ್ಕೆ ಹೋಗಿ ಗುಡಿಸಲು ಹಾಕಿಕೊಳ್ಳುತ್ತಿತ್ತು. ಮಾರಮ್ಮನಿಗೆ ಹರಕೆ ಹೊತ್ತು, ಮಾರಿಯನ್ನು ಊರ ಗಡಿಯಾಚೆ ಸಾಗಹಾಕುತ್ತಿದ್ದರು. ಬೆಂಗಳೂರಿನಲ್ಲಿ ಪ್ಲೇಗ್ ಮಾರಮ್ಮನ ಗುಡಿಗಳು ಈಗಲೂ ಇವೆ. ರೋಗಾಣು ಅದರಿಂದ ಹೋಗುತ್ತಿತ್ತೆಂದು ನಾನು ಹೇಳುವುದಿಲ್ಲ. ಆದರೆ ಹೆದರಿಕೆಯನ್ನು ಊರೇ ಸೇರಿ ಹೊರುತ್ತಿತ್ತು, ತಮಟೆ ಬಡಿದು ಗಡಿಯಾಚೆ ಇಳಿಸಿ ಬರುತ್ತಿತ್ತು. 2020ರಲ್ಲಿ ಸೇರುವುದೇ ಅಪಾಯವಾಯಿತು. ನಮ್ಮ ಮುಂಬಯಿಯ ಲಾಲ್‌ಬಾಗಿನ ಗಣಪತಿ ಮಂಡಳಿಯಂಥದ್ದೂ ಆ ವರ್ಷ ಮೂರ್ತಿ ಕೂರಿಸದೆ ರಕ್ತದಾನ, ಪ್ಲಾಸ್ಮಾ ದಾನದ ಆರೋಗ್ಯ ಉತ್ಸವ ನಡೆಸಿತು. ಸರಿಯಾದ ನಿರ್ಧಾರವೇ. ಹೆದರಿಕೆ ಮಾತ್ರ ಪ್ರತಿಯೊಬ್ಬರ ಮನೆಯಲ್ಲೇ ಉಳಿಯಿತು. ಮಾರ್ಚ್ 22ರ ತಟ್ಟೆ ಬಡಿತ, ಏಪ್ರಿಲ್ 5ರ ಒಂಬತ್ತು ನಿಮಿಷದ ದೀಪ ಇವನ್ನು ನನ್ನ ಸಹೋದ್ಯೋಗಿಗಳು ಗೇಲಿ ಮಾಡಿದರು. ನಾನು ಮಾಡಲಾರೆ. ಸೇರಲಾಗದ ಜನ ಬಾಲ್ಕನಿಯಿಂದಲೇ ಸೇರಲು ನೋಡಿದ್ದು ಅದು.

ರಾತ್ರಿಪಾಳಿ

ತಟ್ಟೆ ಬಡಿದವರ ಬಗ್ಗೆ ನನಗೂ ಸಿಟ್ಟಿಲ್ಲ ಮೇಷ್ಟ್ರೇ. ಬಡಿದ ಮೇಲೆ ಏನು ಮಾಡಿದರು ಎಂಬುದರ ಬಗ್ಗೆ ಸಿಟ್ಟಿದೆ. ನಾನು ಬೆಳಗಾವಿ ಕಡೆಯವಳು, ಇಲ್ಲಿ ಶುಶ್ರೂಷಕಿ. 2020ರ ಬೇಸಿಗೆಯಲ್ಲಿ ಒಂದು ಜಂಬೋ ಕೋವಿಡ್ ಕೇಂದ್ರದಲ್ಲಿ ರಾತ್ರಿಪಾಳಿ. ಬಾಡಿಗೆ ಮನೆಯ ಸೊಸೈಟಿಯವರು ಕೆಲಸ ಬಿಡು, ಇಲ್ಲವೇ ಮನೆ ಬಿಡು ಎಂದರು. ಏಪ್ರಿಲ್ 22ಕ್ಕೆ ಆರೋಗ್ಯ ಸಿಬ್ಬಂದಿಯ ಮೇಲೆ ಕೈ ಮಾಡಿದರೆ ಜಾಮೀನಿಲ್ಲ, ಗಂಭೀರ ಗಾಯವಾದರೆ ಏಳು ವರ್ಷದವರೆಗೆ ಜೈಲು ಎಂಬ ಸುಗ್ರೀವಾಜ್ಞೆ ಬಂದಿತ್ತು. ಕೈ ಯಾರೂ ಮಾಡಲಿಲ್ಲ. ನಾನು ಬಂದರೆ ಮೆಟ್ಟಿಲಿಗೆ ಫಿನಾಯಿಲ್ ಸುರಿಯುತ್ತಿದ್ದರು ಅಷ್ಟೇ, ನಾನು ಇನ್ನೂ ಮೆಟ್ಟಿಲ ಮೇಲೆಯೇ ಇರುವಾಗ.

ಪಿಪಿಇ ಹಾಕಿದ ಮೇಲೆ ಪಾಳಿ ಮುಗಿಯುವವರೆಗೆ ನೀರಿಲ್ಲ, ಶೌಚವಿಲ್ಲ. ಅದಕ್ಕೆ ದೇಹ ಒಗ್ಗುತ್ತದೆ. ಒಗ್ಗದ್ದು ವಿಡಿಯೋ ಕರೆ. ಪ್ಲಾಸ್ಟಿಕ್ ಚೀಲದಲ್ಲಿ ಹಾಕಿದ ಮೊಬೈಲನ್ನು ರೋಗಿಯ ಮುಖದ ಮುಂದೆ ಹಿಡಿಯಬೇಕು. ಎರಡು ಪದರದ ಕೈಗವಸಿನಲ್ಲಿ ಪರದೆ ಒತ್ತಿದರೆ ಒತ್ತಿಕೊಳ್ಳುವುದಿಲ್ಲ, ಆ ಕಡೆಯಿಂದ ಮಗಳು "ಕಾಣುತ್ತಿಲ್ಲ, ಕಾಣುತ್ತಿಲ್ಲ" ಎನ್ನುತ್ತಿರುತ್ತಾಳೆ. ಕಂಡ ಮೇಲೆ ಮಾತು ಬರುವುದಿಲ್ಲ. ಎರಡೂ ಕಡೆಯ ಮೌನಕ್ಕೆ ನಾವು ಕೈ ನೋಯಿಸಿಕೊಂಡು ಫೋನು ಹಿಡಿದು ನಿಂತಿರುತ್ತಿದ್ದೆವು. ಬೆಳಿಗ್ಗೆ ಪಾಳಿ ಬದಲಾದಾಗ ಆ ಹಾಸಿಗೆಯಲ್ಲಿ ಬೇರೆ ಯಾರೋ.

2021ರ ಕೊನೆಗೆ ನನಗೆ ಫೋನಿನ ರಿಂಗ್ ಕೇಳಿದರೆ ಎದೆ ಹೊಡೆದುಕೊಳ್ಳಲು ಶುರುವಾಯಿತು. ನಿದ್ದೆ ಹೋಯಿತು. ನಮ್ಮ ಆಸ್ಪತ್ರೆಯದೇ ಮನೋರೋಗ ವಿಭಾಗಕ್ಕೆ ಹೋದೆ. ಒಂದು ವರ್ಷ ಮಾತ್ರೆ ತೆಗೆದುಕೊಂಡೆ, ಈಗ ಇಲ್ಲ. ಹಿರಿಯರೇ, ನನ್ನ ಮನಸ್ಸು ಗಟ್ಟಿಯೇ ಇದೆ. ನೀವು ಒಂದು ರಾತ್ರಿ ಆ ಫೋನು ಹಿಡಿದು ನೋಡಬೇಕಿತ್ತು.

ಧಾರಾವಿ ತೊಂಬತ್ತಡಿ ರಸ್ತೆ

ನಮ್ಮಲ್ಲಿ ಮೊದಲ ರೋಗಿ ಪತ್ತೆಯಾದದ್ದು 2020ರ ಏಪ್ರಿಲ್ 1ಕ್ಕೆ. ಜುಲೈನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮುಖ್ಯಸ್ಥರೇ ಧಾರಾವಿಯ ಹೆಸರು ಹೇಳಿ ಹೊಗಳಿದರು. ಆ ಹೊಗಳಿಕೆಯಿಂದ ನನ್ನ ಹೆಂಡತಿಗೆ ಮನೆಗೆಲಸ ವಾಪಸು ಸಿಗಲಿಲ್ಲ. ವಿಳಾಸ ಕೇಳುತ್ತಿದ್ದರು, ಫೋನಿಡುತ್ತಿದ್ದರು. ಸಾರ್ವಜನಿಕ ಶೌಚಾಲಯಕ್ಕೆ ಹೋಗಲು ಹೆದರಿ ಮಗಳು ನೀರು ಕುಡಿಯುವುದನ್ನೇ ಬಿಟ್ಟಿದ್ದಳು. ಇಷ್ಟೇ.

ಕಲ್ಯಾಣ–ಕಲಬುರಗಿ

ಬರೆಯಬೇಕೋ ಬೇಡವೋ ಎಂದು ಯೋಚಿಸಿ ಬರೆಯುತ್ತಿದ್ದೇನೆ. ನಮ್ಮ ಅವ್ವ 2021ರ ಏಪ್ರಿಲ್‌ನಲ್ಲಿ ಹೋದಳು. ರಾತ್ರಿಪಾಳಿ ಅಕ್ಕ ಹೇಳಿದ ಹಾಗೆಯೇ ಯಾರೋ ಒಬ್ಬ ಪುಣ್ಯಾತ್ಗಿತ್ತಿ ಫೋನು ಹಿಡಿದಿದ್ದಳು. ಮುಖ ಕಂಡಿತು, ಅಷ್ಟು ಸಾಕು ಎಂದುಕೊಂಡೆ. ಸಾಕಾಗಲಿಲ್ಲ.

ನಾವು ಲಿಂಗಾಯತರು, ಹೂಳುವವರು. ವಿಭೂತಿ ಹಚ್ಚಿ, ಕೂರಿಸಿ, ಭಜನೆ ಮಾಡುತ್ತ ಒಯ್ದು ಸಮಾಧಿ ಮಾಡಬೇಕು. ಅವತ್ತು ಅದೊಂದೂ ಆಗಲಿಲ್ಲ. ಚೀಲದ ಜಿಪ್ಪು ತೆಗೆಯುವಂತಿಲ್ಲ. ಜಾಗವಿಲ್ಲ, ಹೊತ್ತಿಲ್ಲ, ಸುಡುವುದೇ ಆಗಬೇಕು ಎಂದರು. ಆಂಬುಲೆನ್ಸಿನವನು, ನಾನು, ತಮ್ಮ. ಬೂದಿಯ ಮಡಕೆಗಳನ್ನು ಸಾಲಾಗಿ ಇಟ್ಟಿದ್ದರು, ಪ್ರತಿಯೊಂದಕ್ಕೂ ಒಂದು ಚೀಟಿ. ಅವ್ವನ ಹೆಸರಿನಲ್ಲಿ ಅಕ್ಷರ ತಪ್ಪಿತ್ತು. ಅದು ನಮ್ಮದೇ ಹೌದೋ ಅಲ್ಲವೋ ಎಂದು ಇಂದಿಗೂ ರಾತ್ರಿ ಎಚ್ಚರವಾಗುತ್ತದೆ.

ಊರಿನವರು, ಬಂಧುಗಳು ಎಲ್ಲರೂ ಫೋನಿನಲ್ಲಿ ಧೈರ್ಯ ಹೇಳಿದರು. ಮರುವರ್ಷ ಕಾಕಾ ಒಬ್ಬರು, "ಧೈರ್ಯ ಸಾಕು, ಊರಿಗೆ ಬಾ, ಮಾಡಬೇಕಾದ್ದನ್ನು ಮಾಡೋಣ" ಎಂದರು. ಹೊಲದ ಬದಿಯಲ್ಲಿ ಆ ಬೂದಿಯನ್ನಿಟ್ಟು ಗದ್ದುಗೆ ಕಟ್ಟಿದೆವು. ಜಂಗಮರು ಬಂದರು, ಓಣಿಯ ಹೆಂಗಸರು ಬಂದು ಅವ್ವನ ಹೆಸರು ಹಿಡಿದು ಹಾಡಿ ಅತ್ತರು. ಸತ್ತು ವರ್ಷವಾದ ಮೇಲೆ ಅಳುವುದು ಎಂಥದ್ದು ಎಂದು ನನ್ನ ಮಗ ಕೇಳಿದ. ನಾನೂ ಅವತ್ತೇ ಮೊದಲ ಸಲ ಅತ್ತದ್ದು. ರಾತ್ರಿ ಅಂಗಳದಲ್ಲಿ ಮಲಗಿದವನು ಬಿಸಿಲೇರಿದ ಮೇಲೆ ಎದ್ದೆ. ಮಡಕೆಯ ಅನುಮಾನ ಪೂರ್ತಿ ಹೋಗಿಲ್ಲ. ಆದರೆ ಈಗ ವಾರಕ್ಕೊಮ್ಮೆಯಾದರೂ ಗಟ್ಟಿಯಾಗಿ ನಿದ್ದೆ ಬರುತ್ತದೆ.

ಮಾಟುಂಗಾ ಗಲ್ಲೆ

ಅಣ್ಣಾ, ಓದಿ ಗಲ್ಲೆಯ ಮೇಲೆ ಕೂತೇ ಕಣ್ಣೊರೆಸಿಕೊಂಡೆ. ಬಿಲ್ ಕೊಡಲು ಬಂದವರು ಕಾಯುತ್ತಿದ್ದರು.

ನೆರೂಳಿನ ಸಮಾಲೋಚಕಿ

ನಾನು ಈ ಕೆಲಸದಲ್ಲೇ ಇರುವವಳು. ಉಪದೇಶ ಬೇಡವೆಂದು ಮೊದಲೇ ಹೇಳಿದ್ದಾರೆ, ಆದ್ದರಿಂದ ಕೆಲಸಕ್ಕೆ ಬರುವಷ್ಟು ಮಾತ್ರ ಬರೆಯುತ್ತೇನೆ.

ಸಾಂಕ್ರಾಮಿಕದ ಮೊದಲ ವರ್ಷದಲ್ಲಿ ಜಗತ್ತಿನಾದ್ಯಂತ ಆತಂಕ ಮತ್ತು ಖಿನ್ನತೆ ಸುಮಾರು ಶೇ. 25ರಷ್ಟು ಹೆಚ್ಚಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆ 2022ರ ಮಾರ್ಚ್‌ನಲ್ಲಿ ಹೇಳಿತು. ನಮ್ಮಲ್ಲಿ ಅದಕ್ಕೆ ಮೊದಲೇ ಸ್ಥಿತಿ ಚೆನ್ನಾಗಿರಲಿಲ್ಲ. ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಜನರಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇತ್ತು, ಅವರಲ್ಲಿ ಬಹುಪಾಲು ಜನ ಚಿಕಿತ್ಸೆಯ ಮುಖವನ್ನೇ ಕಂಡಿರಲಿಲ್ಲ. 2020ರಲ್ಲಿ ದೇಶದಲ್ಲಿ 1,53,052 ಜನ ಆತ್ಮಹತ್ಯೆ ಮಾಡಿಕೊಂಡರೆಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಹೇಳುತ್ತದೆ. ಸುಮಾರು ನಾಲ್ವರಲ್ಲಿ ಒಬ್ಬರು ದಿನಗೂಲಿಯವರು. ಆದ್ದರಿಂದ ಮಾಟುಂಗಾದವರು ಹೇಳಿದ ಮನಿ ಆರ್ಡರ್ ಸಂಕಟ, ಧಾರಾವಿಯವರ ಮನೆಗೆಲಸ, ಇವೂ ಮಾನಸಿಕ ಆರೋಗ್ಯದ ವಿಷಯವೇ. ಬಾಡಿಗೆ ಬಾಕಿ ಇರುವವನಿಗೆ ನಾನು ಉಸಿರಾಟದ ವ್ಯಾಯಾಮ ಹೇಳಿಕೊಟ್ಟರೆ ಅವನು ನನ್ನನ್ನು ಬೈಯಬೇಕು.

ಕಲ್ಯಾಣದ ಅಣ್ಣನವರ ಕಾಕಾ ಮಾಡಿಸಿದ್ದನ್ನು ನಾನು ಎಷ್ಟೋ ಮನೆಯವರಿಗೆ ಹೇಳಿದ್ದೇನೆ. ತಡವಾಯಿತೆಂದು ಬಿಡಬೇಡಿ. ವರ್ಷವಾಗಲಿ, ಐದು ವರ್ಷವಾಗಲಿ, ಜನ ಸೇರಿ ಹೋದವರ ಹೆಸರು ಹೇಳಿ, ಊಟ ಹಾಕಿ, ಅಳುವ ಅವಕಾಶ ಮಾಡಿಕೊಳ್ಳಿ. ದೇವರನ್ನು ನಂಬದವರೂ ಮಾಡಬಹುದು. ಮುಖ ನೋಡದೆ, ಮುಟ್ಟದೆ ಕಳಿಸಿಕೊಟ್ಟ ಸಾವನ್ನು ಮನಸ್ಸು ಸುಲಭವಾಗಿ ಒಪ್ಪುವುದಿಲ್ಲ.

ಡಾಕ್ಟರ ಬಳಿಗೆ ಯಾವಾಗ ಹೋಗಬೇಕು ಎಂದು ಬಹಳ ಜನ ಕೇಳುತ್ತಾರೆ. ಎರಡು ವಾರಕ್ಕಿಂತ ಹೆಚ್ಚು ಕಾಲ ನಿದ್ದೆ, ಹಸಿವು ಕೆಟ್ಟಿದ್ದರೆ, ಮೊದಲು ಇಷ್ಟವಾಗುತ್ತಿದ್ದದ್ದು ಯಾವುದೂ ಬೇಡವೆನಿಸಿದರೆ, ಕೆಲಸಕ್ಕೆ ಕೈ ಏಳದಿದ್ದರೆ ಹೋಗಿ. ಬದುಕುವುದೇ ಬೇಡ ಎನಿಸಿದರೆ ಎರಡು ವಾರ ಕಾಯಬೇಡಿ, ಅಂದೇ ಯಾರಿಗಾದರೂ ಹೇಳಿ. 14416ಕ್ಕೆ ಕರೆ ಮಾಡಿ. ಅದು ಟೆಲಿ ಮಾನಸ್, 2022ರ ಅಕ್ಟೋಬರ್ 10ರಂದು ಶುರುವಾದ ಸರ್ಕಾರದ ಸೇವೆ. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡವೂ ಇದೆ. ಇಪ್ಪತ್ತು ವರ್ಷ ಮರಾಠಿ, ಹಿಂದಿ ಮಾತಾಡಿಕೊಂಡು ಬದುಕಿದವರೂ ಸಂಕಟ ಹೇಳಿಕೊಳ್ಳುವಾಗ ನನ್ನ ಮುಂದೆ ಕನ್ನಡಕ್ಕೆ, ತುಳುವಿಗೆ ಹೊರಳುವುದನ್ನು ದಿನಾ ನೋಡುತ್ತೇನೆ. ಇಲ್ಲಿಯ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ಐಕಾಲ್ ಕೂಡ ಬಹಳ ಹಿಂದಿನಿಂದ ಇರುವ ಸಹಾಯವಾಣಿ.

ಮುಲುಂಡ್ ಹಿರಿಯ

ತಾರಸಿಯ ಬೀಗದ ಕೈ ಕಾರ್ಯದರ್ಶಿಯ ಬಳಿ ಇತ್ತು, ನನ್ನ ಬಳಿ ಅಲ್ಲ. ಬೆಳಿಗ್ಗೆ ಏಳುವ ಹೊತ್ತು ತಪ್ಪಿಸಬಾರದು ಎಂಬ ನನ್ನ ಮಾತಿಗೆ ನಾನು ಈಗಲೂ ಬದ್ಧ. ಸಮಾಲೋಚಕಿಯವರು ಅದನ್ನು ಅಲ್ಲಗಳೆಯಲಿ ನೋಡೋಣ. ಜೊತೆಗೆ ಒಂದು ಪ್ರಶ್ನೆ: ನನ್ನ ಪರಿಚಯದವರೊಬ್ಬರ ಮಗಳ ಮನೋಚಿಕಿತ್ಸೆಯ ಖರ್ಚನ್ನು ವಿಮೆಯವರು ಕೊಡುವುದಿಲ್ಲ ಎಂದಿದ್ದಾರೆ. ಇದು ಸರಿಯೇ?

ನೆರೂಳಿನ ಸಮಾಲೋಚಕಿ

ಅಲ್ಲಗಳೆಯುವುದಿಲ್ಲ ರಾಯರೇ. ಏಳುವ ಹೊತ್ತು, ಉಣ್ಣುವ ಹೊತ್ತು ಒಂದೇ ಇಟ್ಟುಕೊಂಡವರು ನಿಜಕ್ಕೂ ಚೆನ್ನಾಗಿ ತಾಳಿಕೊಂಡರು. ಸುದ್ದಿಯನ್ನು ದಿನಕ್ಕೆ ಎರಡು ಸಲಕ್ಕಿಂತ ಹೆಚ್ಚು ನೋಡದವರು ಕೂಡ. ನಿಮ್ಮ ರೇಡಿಯೋ ಬಹುಶಃ ಆ ಕೆಲಸ ಮಾಡಿತು.

ವಿಮೆಯ ವಿಷಯದಲ್ಲಿ ಅವರನ್ನು ಸುಮ್ಮನೆ ಬಿಡಬೇಡಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯ 21ನೆಯ ಕಲಮಿನ 4ನೆಯ ಉಪಕಲಮು, ದೇಹದ ಕಾಯಿಲೆಗೆ ಹೇಗೋ ಹಾಗೆಯೇ ಮನಸ್ಸಿನ ಕಾಯಿಲೆಗೂ ವೈದ್ಯಕೀಯ ವಿಮೆಯ ಸೌಲಭ್ಯ ಇರಬೇಕೆಂದು ಹೇಳುತ್ತದೆ. ಆಸ್ಪತ್ರೆಗೆ ದಾಖಲಾದ ಖರ್ಚೋ, ಹೊರರೋಗಿಯಾಗಿ ತೋರಿಸಿಕೊಂಡ ಖರ್ಚೋ ನೋಡಿ. ಪಾಲಿಸಿಯಲ್ಲಿ ಹೊರರೋಗಿ ಖರ್ಚೇ ಇಲ್ಲದಿದ್ದರೆ ಇದಕ್ಕೂ ಸಿಗುವುದಿಲ್ಲ. ನಿರಾಕರಣೆಯನ್ನು ಬರವಣಿಗೆಯಲ್ಲಿ ಕೇಳಿ, ಆಮೇಲೆ ವಿಮಾ ಲೋಕಪಾಲರಿಗೆ ದೂರು ಕೊಡಬಹುದು. ಅದೇ ಕಾಯಿದೆಯ 115ನೆಯ ಕಲಮನ್ನೂ ಎಲ್ಲರೂ ತಿಳಿದಿರಬೇಕು. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಅದಕ್ಕಾಗಿ ಅವರನ್ನು ಶಿಕ್ಷಿಸುವಂತಿಲ್ಲ. ಪೊಲೀಸ್ ಕೇಸಾಗುತ್ತದೆಂದು ಹೆದರಿ ಆಸ್ಪತ್ರೆಗೆ ಒಯ್ಯದವರನ್ನು ನಾನು ನೋಡಿದ್ದೇನೆ.

ಕನ್ನಡ ಶಾಲೆಯ ಟೀಚರ್

ಮಕ್ಕಳ ಬಗ್ಗೆ ಯಾರೂ ಬರೆಯಲಿಲ್ಲ. ನಮ್ಮ ಶಾಲೆಯ ಬಹುತೇಕ ಮಕ್ಕಳ ಮನೆಯಲ್ಲಿ ಒಂದೇ ಫೋನು, ಅದು ಅಪ್ಪನೊಂದಿಗೆ ಕೆಲಸಕ್ಕೆ ಹೋಗುತ್ತಿತ್ತು. ಪಾಠ ರಾತ್ರಿ ಒಂಬತ್ತಕ್ಕೆ. ಇಲ್ಲಿ ಎಂಟರಿಂದ ಹನ್ನೆರಡನೆಯ ತರಗತಿಯವರಿಗೆ ಶಾಲೆ ತೆರೆದದ್ದೇ 2021ರ ಅಕ್ಟೋಬರ್ 4ಕ್ಕೆ, ಚಿಕ್ಕವರಿಗೆ ಇನ್ನೂ ತಡವಾಗಿ. ಬಂದ ಮಕ್ಕಳು ಗಲಾಟೆಯನ್ನೇ ಮಾಡುತ್ತಿರಲಿಲ್ಲ. ಹಾಜರಿ ಕರೆದರೆ ಒಬ್ಬ ಹುಡುಗ ಬಾಯಿ ತೆರೆಯದೆ ಹೆಬ್ಬೆರಳು ಎತ್ತಿ ತೋರಿಸಿದ! ನಾವು ಆ ತಿಂಗಳು ಪಠ್ಯ ಪಕ್ಕಕ್ಕಿಟ್ಟು ಕಬಡ್ಡಿ ಆಡಿಸಿದೆವು. ಮುಟ್ಟುವ ಆಟ ಎಂಬ ಕಾರಣಕ್ಕೇ ಅದನ್ನು ಆರಿಸಿದ್ದು. ಕೆಲವು ಪಾಲಕರು ಜಗಳಕ್ಕೆ ಬಂದರು. ಬರಲಿ.

ಹೆಸರು ಬೇಡ

ಸಮಾಲೋಚಕಿಯವರೇ, ಒಂದು ಕೇಳಬೇಕು. ನನ್ನ ಅಣ್ಣ ಭಾಂಡುಪ್‌ನಲ್ಲಿದ್ದಾನೆ. ಬಾರ್‌ನಲ್ಲಿ ಕ್ಯಾಪ್ಟನ್ ಆಗಿದ್ದ. ಲಾಕ್‌ಡೌನ್‌ನಲ್ಲಿ ಕೆಲಸ ಹೋದಾಗ ಕುಡಿತ ಹತ್ತಿದ್ದು ಈಗ ಬೆಳಿಗ್ಗೆಯಿಂದಲೇ ಶುರುವಾಗುತ್ತದೆ. ಅತ್ತಿಗೆ ಮುಂದಿನ ವಾರದಿಂದ ಕೋಣೆಯಲ್ಲಿ ಕೂಡಿಹಾಕಿ ಬಿಡಿಸೋಣ ಎನ್ನುತ್ತಿದ್ದಾರೆ. ಹಾಗೆ ಮಾಡಬಹುದೇ?

ನೆರೂಳಿನ ಸಮಾಲೋಚಕಿ

ಖಂಡಿತ ಬೇಡ. ದಿನವಿಡೀ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ನಡುಕ, ಫಿಟ್ಸ್, ಭ್ರಮೆ ಬರಬಹುದು, ಜೀವಕ್ಕೇ ಅಪಾಯವಾಗಬಹುದು. ಮನೆಯಲ್ಲಿ ಕೂಡಿಹಾಕುವ ಪ್ರಯೋಗ ಮಾಡಲೇಬೇಡಿ. ಪರೇಲಿನ ಕೆಇಎಂ, ಸಾಯನ್ ಅಥವಾ ನಾಯರ್ ಆಸ್ಪತ್ರೆಯ ಮನೋರೋಗ ಹೊರರೋಗಿ ವಿಭಾಗಕ್ಕೆ ಬೆಳಿಗ್ಗೆ ಕರೆದುಕೊಂಡು ಹೋಗಿ. ಭಾಂಡುಪ್‌ನಿಂದ ಥಾಣೆಯ ಪ್ರಾದೇಶಿಕ ಮನೋರೋಗ ಆಸ್ಪತ್ರೆಯೂ ಹತ್ತಿರ; ಹೆಸರು ಕೇಳಿ ಹೆದರಬೇಡಿ, ಹೊರರೋಗಿಗಳಾಗಿ ತೋರಿಸಿಕೊಂಡು ಮನೆಗೆ ಮರಳುವವರು ಅಲ್ಲಿ ಬಹಳ. ಕೇಸ್ ಪೇಪರ್, ಅಂದರೆ ಆಸ್ಪತ್ರೆಯ ನೋಂದಣಿ ಚೀಟಿ, ಮಾಡಿಸಲು ಬೇಗ ಹೋಗಬೇಕು. ಎಷ್ಟು ಕುಡಿಯುತ್ತಾನೆ, ಕೊನೆಯ ಸಲ ಯಾವಾಗ ಕುಡಿದ, ಹಿಂದೆ ಫಿಟ್ಸ್ ಬಂದಿತ್ತೇ ಎಂಬುದನ್ನು ಅತ್ತಿಗೆಯವರಿಂದ ಕೇಳಿ ಬರೆದುಕೊಂಡು ಹೋಗಿ. ಅಣ್ಣ ಸುಳ್ಳು ಹೇಳಬಹುದು, ಅದಕ್ಕೆ ಅಲ್ಲಿ ಜಗಳ ಮಾಡಬೇಡಿ.

ಹೆಸರು ಬೇಡ

ಸಾಯನ್ ಆದರೆ ಅಣ್ಣ ಬರುತ್ತಾನೆ, ಥಾಣೆ ಎಂದರೆ ಒಪ್ಪುವುದಿಲ್ಲ. ಬುಧವಾರ ರಜೆ ಹಾಕುತ್ತೇನೆ. ಅವನನ್ನು ಬಿಟ್ಟು ನಾನು ಸಾಲಿನಲ್ಲಿ ನಿಂತರೆ ಎದ್ದು ಹೊರಟುಹೋಗುತ್ತಾನೆ, ಅದೇ ಚಿಂತೆ.

ಮಾಟುಂಗಾ ಗಲ್ಲೆ

ಸಾಯನ್ ನಮಗೆ ನಡೆದು ಹೋಗುವ ದಾರಿ. ಬುಧವಾರ ಏಳು ಗಂಟೆಗೆ ಒಬ್ಬ ಹುಡುಗನನ್ನು ಕಳಿಸುತ್ತೇನೆ, ಕೇಸ್ ಪೇಪರಿನ ಸಾಲಿನಲ್ಲಿ ಅವನು ನಿಲ್ಲುತ್ತಾನೆ. ನೀವು ಅಣ್ಣನ ಪಕ್ಕ ಕೂತಿರಿ. ಆ ಲೋಟ ತೊಳೆಯುತ್ತಿದ್ದವನೇ, ಈಗ ಸಪ್ಲೈಯರ್ ಆಗಿದ್ದಾನೆ, ಮರಾಠಿ ಚೆನ್ನಾಗಿ ಮಾತಾಡುತ್ತಾನೆ. ಅಣ್ಣನ ಪೂರ್ತಿ ಹೆಸರು, ವಯಸ್ಸು ಇವನ್ನು ನನಗೆ ಖಾಸಗಿಯಾಗಿ ಕಳಿಸಿ, ಇಲ್ಲಿ ಬರೆಯಬೇಡಿ.